ಹಿತ್ತಲ ಮಣ್ಣಿನ ಪರೀಕ್ಷೆ ಕಡಿಮೆ ಖರ್ಚಿನಲ್ಲಿ ಎಲ್ಲಿ ಮಾಡಿಸಬಹುದು?

ಹಿತ್ತಲ ಗಿಡ (ಮೈಸೂರು)

ಎಲ್ಲರಿಗೂ ನಮಸ್ಕಾರ. ಮನೆ ಹಿಂದೆ 15 ಅಡಿಗೆ 10 ಅಡಿ ಜಾಗ ಇದೆ. ಬದನೆ, ಹುರುಳಿಕಾಯಿ, ಒಂದು ಕರಿಬೇವು, ಮೂಲೆಯಲ್ಲಿ ನಿಂಬೆ ಗಿಡ. ಬದನೆ ಪರವಾಗಿಲ್ಲ. ಹುರುಳಿಕಾಯಿ ಗಿಡ ಗೇಣುದ್ದ ಬಂದು ನಿಂತುಬಿಡುತ್ತದೆ. ಕರಿಬೇವಿನ ಚಿಗುರೆಲ್ಲ ಹಳದಿ, ಎಲೆಯ ನರ ಮಾತ್ರ ಹಸಿರು. ನರ್ಸರಿಗೆ ಹೋದಾಗೆಲ್ಲ ಒಂದು ಹೊಸ ಪೊಟ್ಟಣ ಕೊಡುತ್ತಾರೆ. ಬೇವಿನ ಹಿಂಡಿ ಆಯಿತು, ಡಿಎಪಿ (ರಂಜಕ ಜಾಸ್ತಿ ಇರುವ ರಾಸಾಯನಿಕ ಗೊಬ್ಬರ) ಆಯಿತು, ಈಗ ಸೂಕ್ಷ್ಮ ಪೋಷಕಾಂಶದ ಪುಡಿ ಹಾಕಿ ಅಂತಾರೆ. ಮಣ್ಣಿನಲ್ಲಿ ಏನು ಕಮ್ಮಿ ಇದೆ ಅಂತ ತಿಳಿಯದೆ ಸುಮ್ನೆ ಸುರಿಯೋಕೆ ನನಗೆ ಮನಸ್ಸಿಲ್ಲ.

ಒಂದು ಖಾಸಗಿ ಲ್ಯಾಬ್‌ಗೆ ಕೇಳಿದೆ. ಪೂರ್ತಿ ಪರೀಕ್ಷೆಗೆ ಅವರು ಹೇಳಿದ ರೇಟು ಇಷ್ಟು ಚಿಕ್ಕ ಜಾಗಕ್ಕೆ ತುಂಬಾ ಜಾಸ್ತಿ. ಸರ್ಕಾರದಿಂದ ಉಚಿತವಾಗಿ ಮಾಡುತ್ತಾರೆ ಅಂತ ಕೇಳಿದ್ದೇನೆ, ಆದರೆ ನನ್ನ ಹತ್ತಿರ ಪಹಣಿ ಇಲ್ಲ, ಇದು ಸೈಟು. ನಮ್ಮಂಥವರಿಗೆ ಯಾವ ದಾರಿ ಇದೆ?

ಮೆಕ್ಕೆಜೋಳದ ಹೊಲ (ದಾವಣಗೆರೆ)

ಉಚಿತ ಅಂದರೆ ಮಣ್ಣು ಆರೋಗ್ಯ ಕಾರ್ಡ್. 2015ರ ಫೆಬ್ರುವರಿಯಲ್ಲಿ ರಾಜಸ್ಥಾನದ ಸೂರತ್‌ಗಢದಲ್ಲಿ ಶುರು ಮಾಡಿದ ಯೋಜನೆ. ಒಟ್ಟು 12 ಅಂಶ ನೋಡುತ್ತಾರೆ: ರಸಸಾರ ಅಂದರೆ ಪಿಎಚ್ (ಮಣ್ಣು ಹುಳಿಯೋ ಕ್ಷಾರವೋ ಅನ್ನುವ ಅಳತೆ), ಲವಣಾಂಶ, ಸಾವಯವ ಇಂಗಾಲ, ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್. ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಬೇಕು.

ಇದು ಸಾಗುವಳಿ ಜಮೀನಿಗೆ ಮಾಡಿದ್ದು. ಸರ್ವೆ ನಂಬರ್ ಬರೆದುಕೊಳ್ಳುತ್ತಾರೆ. ಸೈಟಿನವರು ಹೋದರೆ ಆಗಲ್ಲ ಅನ್ನಬಹುದು, ಅದು ಅವರ ತಪ್ಪಲ್ಲ. ಆದರೆ ಇದನ್ನು ಓದುತ್ತಿರುವ ಎಷ್ಟೋ ಜನರ ಅಪ್ಪ ಅಮ್ಮನಿಗೆ ಊರಲ್ಲಿ ಜಮೀನು ಇರುತ್ತದೆ. ಅವರು ಹಿಂದೆ ಮಾಡಿಸಿದ ಕಾರ್ಡ್ ಬೀರುವಿನಲ್ಲಿ ಇದೆಯಾ ಅಂತ ಒಮ್ಮೆ ಕೇಳಿ. ಎಷ್ಟೋ ಮನೆಯಲ್ಲಿ ಕಾರ್ಡ್ ಬಂದಿರುತ್ತದೆ, ಬಿಡಿಸಿ ಓದಿರುವುದಿಲ್ಲ, ಡಿಎಪಿ ಮಾತ್ರ ಪ್ರತಿ ವರ್ಷ ಅಷ್ಟೇ ಮೂಟೆ ತರುತ್ತಾರೆ.

ನಮ್ಮ ರಾಜ್ಯದಲ್ಲಿ ಅದಕ್ಕೂ ಮೊದಲು, 2009ರಲ್ಲಿ ಭೂಚೇತನ ಅಂತ ಇಕ್ರಿಸ್ಯಾಟ್ ಅನ್ನುವ ಅಂತರರಾಷ್ಟ್ರೀಯ ಕೃಷಿ ಸಂಶೋಧನಾ ಸಂಸ್ಥೆ ಜೊತೆ ಸೇರಿ ದೊಡ್ಡ ಮಟ್ಟದಲ್ಲಿ ಮಣ್ಣು ನೋಡಿದರು. ಗಂಧಕ, ಸತು, ಬೋರಾನ್ ಕೊರತೆ ಎಷ್ಟೊಂದು ಕಡೆ ಇದೆ ಅಂತ ಆಗ ಗೊತ್ತಾಯಿತು. ಯೂರಿಯಾ, ಡಿಎಪಿ ಎಷ್ಟು ಹಾಕಿದರೂ ಈ ಕೊರತೆ ತುಂಬಲ್ಲ.

ತಾರಸಿ ಸೊಪ್ಪು (ಬೆಂಗಳೂರು)

ಮೈಸೂರಿನವರೇ, ಪಹಣಿ ಇಲ್ಲದಿದ್ದರೂ ಮಾಡಿಸಬಹುದು. ಪೂರ್ತಿ ಉಚಿತ ಸಿಗೋದು ಕಷ್ಟ, ಖಾಸಗಿ ಲ್ಯಾಬ್‌ಗಿಂತ ತುಂಬಾ ಕಮ್ಮಿಯಲ್ಲಿ ಆಗುತ್ತದೆ. ಕೃಷಿ ವಿಶ್ವವಿದ್ಯಾಲಯಗಳು ಮತ್ತು ಕೃಷಿ ವಿಜ್ಞಾನ ಕೇಂದ್ರಗಳನ್ನು ಕೇಳಿ. ಬೆಂಗಳೂರಿನವರಿಗೆ ಜಿಕೆವಿಕೆ (ಕೃಷಿ ವಿಶ್ವವಿದ್ಯಾಲಯದ ಆವರಣ) ಇದೆ, ಹೆಸರಘಟ್ಟದಲ್ಲಿ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಇದೆ. ನಿಮಗೆ ಹತ್ತಿರ ಅಂದರೆ ಸುತ್ತೂರಿನ ಕೃಷಿ ವಿಜ್ಞಾನ ಕೇಂದ್ರ, ಮಂಡ್ಯದ ವಿ.ಸಿ. ಫಾರ್ಮ್ (ಕೃಷಿ ಸಂಶೋಧನಾ ಕೇಂದ್ರ). ಹೋಗುವ ಮೊದಲು ಫೋನ್ ಮಾಡಿ. ಇವತ್ತಿನ ದರ ಎಷ್ಟು, ಮಣ್ಣು ಎಷ್ಟು ಬೇಕು, ಸೂಕ್ಷ್ಮ ಪೋಷಕಾಂಶ ಸೇರಿದೆಯಾ, ರಿಪೋರ್ಟ್ ಯಾವಾಗ ಬರುತ್ತದೆ, ಈ ನಾಲ್ಕು ಕೇಳಿಕೊಳ್ಳಿ.

ಎಲ್ಲಿಗೆ ಫೋನ್ ಮಾಡಬೇಕು ಅಂತಲೇ ತಿಳಿಯದಿದ್ದರೆ ಕಿಸಾನ್ ಕಾಲ್ ಸೆಂಟರ್ 1800-180-1551. ಉಚಿತ ಕರೆ, ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ, ಕನ್ನಡದಲ್ಲೇ ಮಾತಾಡುತ್ತಾರೆ.

ಕುಂಡದಲ್ಲಿ ಬೆಳೆಯುವವರಿಗೆ ಒಂದು ಮಾತು. ಕೆಂಪು ಮಣ್ಣು, ಕೋಕೋಪೀಟ್, ಎರೆಗೊಬ್ಬರ ಬೆರೆಸಿದ್ದನ್ನು 12 ಅಂಶದ ಪರೀಕ್ಷೆಗೆ ಕಳಿಸಬೇಡಿ. ಆ ಪರೀಕ್ಷೆಯ ಲೆಕ್ಕ ಇರುವುದು ಹೊಲದ ಮಣ್ಣಿಗೆ. ಕುಂಡಕ್ಕೆ ಪಿಎಚ್ ಮತ್ತು ಲವಣಾಂಶ ಎರಡು ನೋಡಿದರೆ ಸಾಕು. ತೊಳೆಯದ ಕೋಕೋಪೀಟಿನಲ್ಲಿ ಉಪ್ಪು ಇರುತ್ತದೆ, ಬೋರ್‌ವೆಲ್ ನೀರು ಹಾಕಿ ಹಾಕಿ ಇನ್ನಷ್ಟು ಸೇರುತ್ತದೆ, ಕುಂಡದ ಅಂಚಿನಲ್ಲಿ ಬಿಳಿ ಪುಡಿ ಕಟ್ಟುವುದು ಅದೇ.

ಮಣ್ಣು ವಿಜ್ಞಾನ ವಿದ್ಯಾರ್ಥಿ (ಧಾರವಾಡ)

ಎಲ್ಲಿ ಕೊಡಬೇಕು ಅನ್ನುವುದಕ್ಕಿಂತ ಹೇಗೆ ಮಣ್ಣು ತೆಗೆಯಬೇಕು ಅನ್ನುವುದು ದೊಡ್ಡ ವಿಷಯ. ಸ್ವಲ್ಪ ಉದ್ದ ಬರೆಯುತ್ತೇನೆ, ದಯವಿಟ್ಟು ಪೂರ್ತಿ ಓದಿ.

ಒಂದು ಎಕರೆಯ ಮೇಲಿನ 15 ಸೆಂ.ಮೀ. ಮಣ್ಣು ಸುಮಾರು 9 ಲಕ್ಷ ಕೆಜಿ ತೂಗುತ್ತದೆ. ನೀವು ಲ್ಯಾಬ್‌ಗೆ ತರುವುದು ಅರ್ಧ ಕೆಜಿ. ಅದರಲ್ಲಿ ರಂಜಕ ನೋಡಲು ನಾವು ತೂಗುವುದು ಎರಡೂವರೆ ಗ್ರಾಂ, ಸತು ಕಬ್ಬಿಣ ನೋಡಲು 10 ಗ್ರಾಂ. ಆ ಎರಡೂವರೆ ಗ್ರಾಂ ಇಡೀ ಹೊಲದ ಪರವಾಗಿ ಮಾತಾಡಬೇಕು. ಯಂತ್ರ ಎಷ್ಟೇ ಒಳ್ಳೆಯದಿದ್ದರೂ, ನೀವು ತಿಪ್ಪೆಯ ಪಕ್ಕದಿಂದ ಒಂದು ಹಿಡಿ ತಂದರೆ ಅದು ತಿಪ್ಪೆಯ ರಿಪೋರ್ಟನ್ನೇ ಕೊಡುತ್ತದೆ.

ಹಿತ್ತಲಾದರೆ ಆರೇಳು ಕಡೆ, ಹೊಲವಾದರೆ 10-15 ಕಡೆ ಅಂಕುಡೊಂಕಾಗಿ ನಡೆದು ತೆಗೆಯಿರಿ. ಮೇಲಿನ ಕಸಕಡ್ಡಿ ಸರಿಸಿ. ಆಗ ಮೇಲ್ಮಣ್ಣನ್ನು ಕೆರೆಯಬೇಡಿ, ಅದು ಹಾಗೇ ಇರಲಿ. ಇಂಗ್ಲಿಷಿನ ವಿ ಅಕ್ಷರದ ಆಕಾರದಲ್ಲಿ 15 ಸೆಂ.ಮೀ. ಗುಂಡಿ ತೋಡಿ, ಒಂದು ಬದಿಯಿಂದ ಮೇಲಿಂದ ತಳದವರೆಗೆ ಒಂದೇ ದಪ್ಪದ ಪದರ ಕೊಯ್ದು ತೆಗೆಯಿರಿ. ತರಕಾರಿಗೆ 15 ಸೆಂ.ಮೀ. ಸಾಕು. ನಿಂಬೆ, ಮಾವು, ತೆಂಗು ಅಂದರೆ ಬೇರು ಆಳಕ್ಕೆ ಹೋಗುತ್ತದೆ, ಮೇಲಿನ 30 ಸೆಂ.ಮೀ. ಮಣ್ಣನ್ನು ಮತ್ತು ಅದಕ್ಕಿಂತ ಕೆಳಗಿನದ್ದನ್ನು ಬೇರೆ ಬೇರೆ ಚೀಲದಲ್ಲಿ ತೆಗೆಯಬೇಕು.

ಎಲ್ಲವನ್ನೂ ಪ್ಲಾಸ್ಟಿಕ್ ಬಕೆಟ್‌ನಲ್ಲಿ ಸೇರಿಸಿ. ಸತುವಿನ ಲೇಪ ಇರುವ ಬಕೆಟ್, ತುಕ್ಕು ಹಿಡಿದ ಬಾಣಲಿ ಬೇಡವೇ ಬೇಡ. ಕಾರಣ ಹೇಳುತ್ತೇನೆ. ಸತುವಿನ ಕೊರತೆಯ ಗೆರೆ ಇರುವುದು ಒಂದು ಕೆಜಿ ಮಣ್ಣಿಗೆ 0.6 ಮಿಲಿಗ್ರಾಂನಲ್ಲಿ. ಬಕೆಟ್‌ನಿಂದ ಕಣ್ಣಿಗೆ ಕಾಣದಷ್ಟು ಉದುರಿದರೂ ನಿಮ್ಮ ಮಣ್ಣಿನಲ್ಲಿ ಸತು ಧಾರಾಳ ಅಂತ ರಿಪೋರ್ಟ್ ಬರುತ್ತದೆ. ಹಾಗೇ ಗೊಬ್ಬರದ ಹಳೇ ಚೀಲದಲ್ಲಿ ಮಣ್ಣು ತರುವವರು ಬಹಳ ಜನ. ಅದರ ಪೊಟ್ಯಾಷ್ ಅಂಕಿಯನ್ನು ನಂಬುವುದು ಹೇಗೆ?

ಹೆಂಟೆ ಒಡೆದು, ಕಲ್ಲು ಬೇರು ತೆಗೆದು, ಕಾಗದದ ಮೇಲೆ ವೃತ್ತಾಕಾರ ಹರಡಿ ನಾಲ್ಕು ಭಾಗ ಮಾಡಿ. ಎದುರುಬದುರಿನ ಎರಡು ಭಾಗ ಬಿಟ್ಟು ಉಳಿದ ಎರಡನ್ನು ಮತ್ತೆ ಕಲೆಸಿ. ಅರ್ಧ ಕೆಜಿ ಉಳಿಯುವವರೆಗೆ ಹೀಗೇ ಮಾಡಿ. ನೆರಳಿನಲ್ಲಿ ಒಣಗಿಸಿ, ಬಿಸಿಲು ಬೇಡ, ಒಲೆಯಂತೂ ಬೇಡ. ಬಟ್ಟೆ ಚೀಲಕ್ಕೆ ಹಾಕಿ ಊರು, ಜಾಗ, ಆಳ, ಹಿಂದಿನ ಬೆಳೆ, ಮುಂದಿನ ಬೆಳೆ ಬರೆದ ಚೀಟಿ ಇಡಿ. ಪೆನ್ಸಿಲ್‌ನಲ್ಲಿ ಬರೆಯಿರಿ, ತೇವಕ್ಕೆ ಇಂಕು ಹರಡುತ್ತದೆ.

ಮರದ ಬುಡ, ಬದು, ಕಾಲುವೆ, ಗೊಬ್ಬರ ರಾಶಿ ಹಾಕಿದ್ದ ಜಾಗ, ಇತ್ತೀಚೆಗೆ ಗೊಬ್ಬರ ಕೊಟ್ಟ ಸಾಲು, ಇಲ್ಲೆಲ್ಲ ತೆಗೆಯಬಾರದು. ಮೈಸೂರಿನ ಸರ್, ನೀವು ಡಿಎಪಿ ಯಾವಾಗ ಹಾಕಿದ್ದು? ಈಚೆಗಾದರೆ ಸ್ವಲ್ಪ ಕಾಯಿರಿ. ಮುಂಗಾರಿಗೆ ಮುಂಚೆ ಎಲ್ಲ ಲ್ಯಾಬ್‌ನಲ್ಲೂ ರೈತರ ಮಾದರಿ ರಾಶಿ ಬಿದ್ದಿರುತ್ತದೆ, ಅದಕ್ಕೆ ಮೊದಲೇ ಕೊಟ್ಟರೆ ಒಳ್ಳೆಯದು.

ಅಡಿಕೆ ಅಂಗಳ (ಪುತ್ತೂರು)

ಒಳ್ಳೆ ಮಾಹಿತಿ ಮಾರಾಯ್ರೆ. ನಮ್ಮ ಕಡೆಯದ್ದು ಬೇರೆ ಕಥೆ. ಮುರಕಲ್ಲಿನ ಮಣ್ಣು, ಮಳೆ ವಿಪರೀತ, ಸುಣ್ಣದ ಅಂಶ ಎಲ್ಲ ತೊಳೆದು ಹೋಗಿ ಮಣ್ಣು ಹುಳಿಯಾಗಿರುತ್ತದೆ. ನಮ್ಮವರು ಸುಣ್ಣ ಹಾಕುವುದು ಹಿಂದಿನಿಂದಲೂ ಉಂಟು. ಆದರೆ ಎಷ್ಟು ಹಾಕಬೇಕು ಅಂತ ಪಿಎಚ್ ಅಂಕಿ ಒಂದರಿಂದಲೇ ಹೇಳಲಿಕ್ಕೆ ಆಗುವುದಿಲ್ಲ. ಜೇಡಿ ಜಾಸ್ತಿ ಇದ್ದರೆ ಅದೇ ಪಿಎಚ್‌ಗೆ ಸುಣ್ಣ ಜಾಸ್ತಿ ಬೇಕು, ಮರಳು ಜಾಸ್ತಿ ಇದ್ದರೆ ಕಮ್ಮಿ ಸಾಕು. ಹಾಗಾಗಿ ಕರಾವಳಿ, ಮಲೆನಾಡಿನವರು ಲ್ಯಾಬ್‌ನಲ್ಲಿ "ಸುಣ್ಣ ಎಷ್ಟು ಬೇಕು ಅಂತಲೂ ನೋಡಿ" ಎಂದು ಬಾಯಿ ಬಿಟ್ಟು ಕೇಳಬೇಕು.

ಕಾಫಿ ಬೆಳೆಗಾರರು ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯನ್ನು ವಿಚಾರಿಸಬಹುದು. ಅಡಿಕೆ ತೆಂಗಿನವರಿಗೆ ವಿಟ್ಲದಲ್ಲಿ ಸಿಪಿಸಿಆರ್‌ಐ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಪ್ರಾದೇಶಿಕ ಕೇಂದ್ರ ಇದೆ.

ಹಿತ್ತಲ ಗಿಡ (ಮೈಸೂರು)

ಎಲ್ಲರಿಗೂ ಧನ್ಯವಾದ. ಇಷ್ಟು ವಿವರ ನಿರೀಕ್ಷೆ ಮಾಡಿರಲಿಲ್ಲ. ಡಿಎಪಿ ಹಾಕಿದ್ದು ಹೋದ ಮಳೆಗಾಲದಲ್ಲಿ. ಒಂದು ವಿಷಯ ಹೇಳೋದು ಬಿಟ್ಟುಹೋಯಿತು. ನಾವು ಮನೆ ಕೊಳ್ಳುವ ಮೊದಲು ಹಿಂದಿನವರು ಕಟ್ಟಡದ ಅವಶೇಷವನ್ನು ಅದೇ ಜಾಗದಲ್ಲಿ ತುಂಬಿ ಮೇಲೆ ಮಣ್ಣು ಹರಡಿದ್ದಾರೆ. ಒಂದಡಿ ಅಗೆದರೆ ಗಾರೆ ಚೂರು, ಇಟ್ಟಿಗೆ ಸಿಗುತ್ತದೆ. ಇದಕ್ಕೂ ಹಳದಿ ಎಲೆಗೂ ಸಂಬಂಧ ಇರಬಹುದಾ?

ಎರಿ ಭೂಮಿ (ವಿಜಯಪುರ)

ಸಂಬಂಧ ಇದ್ದೇ ಇದೆ ಅಂತ ನನಗನ್ನಿಸ್ತದ ರೀ. ನಮ್ಮ ಎರಿ (ಕಪ್ಪು) ಮಣ್ಣಿನಲ್ಲಿ ಸುಣ್ಣದ ಹರಳು ಇರುತ್ತವೆ. ಪಿಎಚ್ 8ರ ಮೇಲೆ. ಅಂಥ ಮಣ್ಣಿನಲ್ಲಿ ಕಬ್ಬಿಣ ಎಷ್ಟಿದ್ದರೂ ಗಿಡದ ಬೇರಿಗೆ ದಕ್ಕುವುದಿಲ್ಲ, ಕರಗದ ರೂಪದಲ್ಲಿ ಕೂತುಬಿಡುತ್ತದೆ. ಮೊದಲು ಚಿಗುರು ಹಳದಿಯಾಗುತ್ತದೆ, ನರ ಹಸಿರಾಗಿ ಉಳಿಯುತ್ತದೆ. ನೀವು ಹೇಳಿದ್ದು ಇದೇ ಅಲ್ವಾ? ಸಾರಜನಕ ಕಮ್ಮಿಯಾಗಿದ್ದರೆ ಹಳೇ ಎಲೆ ಮೊದಲು ಹಳದಿಯಾಗುತ್ತದೆ. ಗಾರೆ, ಸಿಮೆಂಟು ಸೇರಿದ ಮಣ್ಣು ನಮ್ಮ ಸುಣ್ಣದ ಮಣ್ಣಿನ ಹಾಗೇ ವರ್ತಿಸುತ್ತದೆ.

ದುಡ್ಡು ಖರ್ಚಿಲ್ಲದೆ ಇವತ್ತೇ ನೋಡಬಹುದು. ಒಂದು ಚಮಚ ಒಣ ಮಣ್ಣಿನ ಮೇಲೆ ಅಡುಗೆಮನೆಯ ವಿನೆಗರ್ ಹಾಕಿ. ಬುಸುಬುಸು ನೊರೆ ಬಂದರೆ ಸುಣ್ಣದ ಅಂಶ ಇದೆ ಅಂತ ಅರ್ಥ. ನೊರೆ ಬರದಿದ್ದರೆ ಮಣ್ಣು ಹುಳಿ ಅಂತ ಅರ್ಥ ಅಲ್ಲ, ಸುಣ್ಣ ಇಲ್ಲ ಅಂತ ಅಷ್ಟೇ.

ಗಿಡಕ್ಕೆ ಸದ್ಯದ ಪರಿಹಾರ: ಒಂದು ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್, 1 ಗ್ರಾಂ ಸಿಟ್ರಿಕ್ ಆಮ್ಲ ಕರಗಿಸಿ ಸಂಜೆ ಹೊತ್ತು ಎಲೆಗೆ ಸಿಂಪಡಿಸಿ. ಅಡುಗೆಗೆ ಕೀಳುವ ಎಲೆ ಇದ್ದರೆ ಮೊದಲೇ ಕಿತ್ತುಕೊಳ್ಳಿ, ಆಮೇಲೆ ಹೊಸ ಚಿಗುರು ಬರುವವರೆಗೆ ಬಿಡಿ. ಬುಡಕ್ಕೆ ಸುರಿದರೆ ಉಪಯೋಗ ಕಮ್ಮಿ, ಸುಣ್ಣ ಅದನ್ನು ಮತ್ತೆ ಹಿಡಿದಿಡುತ್ತದೆ. ಮತ್ತೆ ಯಾರಾದರೂ "ಸುಣ್ಣ ಹಾಕಿ, ಮಣ್ಣು ಸರಿಹೋಗುತ್ತದೆ" ಅಂದರೆ ಕೇಳಬೇಡಿ ರೀ. ಪುತ್ತೂರಿಗೆ ಔಷಧಿ ಆಗುವುದು ನಿಮಗೆ ಮತ್ತು ನಮಗೆ ವಿಷ ಆಗುತ್ತದೆ.

ಕೊಟ್ಟಿಗೆ ಗೊಬ್ಬರ (ತುಮಕೂರು)

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಬೇಜಾರು ಬೇಡ. ಅಂಗೈಯಗಲದ ಹಿತ್ತಲಿಗೆ ಲ್ಯಾಬು, ರಿಪೋರ್ಟು ಯಾಕೆ ಬೇಕು? ನಮ್ಮಮ್ಮ ಯಾವತ್ತೂ ಮಣ್ಣು ಪರೀಕ್ಷೆ ಮಾಡಿಸಿದವರಲ್ಲ. ಚೆನ್ನಾಗಿ ಕಳಿತ ಗೊಬ್ಬರ ಹಾಕಿ, ಎಲೆ ಮುಚ್ಚಿಗೆ ಮಾಡಿ, ಎರೆಹುಳು ತಾನಾಗಿ ಬರುತ್ತದೆ. ಎಂಥ ಮಣ್ಣಾದರೂ ಎರಡು ಮೂರು ವರ್ಷದಲ್ಲಿ ಬದಲಾಗುತ್ತದೆ.

ಪರೀಕ್ಷೆ ಬೇಕೇ ಬೇಕು ಅನ್ನುವವರು ಮನೆಯಲ್ಲೇ ಮಾಡಿಕೊಳ್ಳಿ. ಗಾಜಿನ ಬಾಟಲಿಯಲ್ಲಿ ಮೂರನೇ ಒಂದು ಭಾಗ ಮಣ್ಣು, ಉಳಿದದ್ದು ನೀರು, ಚಿಟಿಕೆ ಸೋಪಿನ ಪುಡಿ. ಚೆನ್ನಾಗಿ ಕುಲುಕಿ ಇಟ್ಟುಬಿಡಿ. ಒಂದೆರಡು ನಿಮಿಷದಲ್ಲಿ ಮರಳು ತಳ ಸೇರುತ್ತದೆ, ಕೆಲವು ಗಂಟೆಯಲ್ಲಿ ಗೋಡು (ಮರಳಿಗಿಂತ ಸಣ್ಣ, ಜೇಡಿಗಿಂತ ದಪ್ಪ ಕಣ), ಜೇಡಿ ಕೂರಲು ಒಂದು ದಿನಕ್ಕಿಂತ ಜಾಸ್ತಿ ಬೇಕು. ಪದರ ಅಳೆದರೆ ನಿಮ್ಮ ಮಣ್ಣು ಯಾವ ಜಾತಿ ಅಂತ ಗೊತ್ತಾಗುತ್ತದೆ. ಒಂದಡಿ ಗುಂಡಿ ತೋಡಿ ನೀರು ತುಂಬಿಸಿ, ಅದು ಇಂಗಿದ ಮೇಲೆ ಮತ್ತೊಮ್ಮೆ ತುಂಬಿಸಿ ನೋಡಿ. ನೀರು ಮಾರನೇ ದಿನವೂ ನಿಂತಿದ್ದರೆ ಯಾವ ಗೊಬ್ಬರ ಹಾಕಿದರೂ ಬೇರು ಕೊಳೆಯುತ್ತದೆ.

ಮಣ್ಣು ವಿಜ್ಞಾನ ವಿದ್ಯಾರ್ಥಿ (ಧಾರವಾಡ)

ತುಮಕೂರಿನ ಅಣ್ಣ, ಬಾಟಲಿ ಪರೀಕ್ಷೆ, ಗುಂಡಿ ಪರೀಕ್ಷೆ ಎರಡೂ ಒಳ್ಳೆಯವು. ನಾವು ಮೊದಲ ವರ್ಷ ಕಲಿಯುವುದೂ ಇದನ್ನೇ. ನೀರು ಬಸಿಯುತ್ತದಾ ಅನ್ನುವುದನ್ನು ಯಾವ ಲ್ಯಾಬ್ ಕೂಡ ಅರ್ಧ ಕೆಜಿ ಮಣ್ಣಿನಿಂದ ಹೇಳಲಾರದು.

ಆದರೆ ಗೊಬ್ಬರ ಎಷ್ಟು ಹಾಕಿದರೂ ನಡೆಯುತ್ತದೆ ಅನ್ನುವುದನ್ನು ಒಪ್ಪಲಾರೆ. ಚಿಕ್ಕ ಹಿತ್ತಲಿನಲ್ಲಿ ವರ್ಷವರ್ಷ ಬುಟ್ಟಿಗಟ್ಟಲೆ ಗೊಬ್ಬರ ಬಿದ್ದರೆ ರಂಜಕ ಶೇಖರವಾಗುತ್ತದೆ. ರಂಜಕ ಅತಿಯಾದರೆ ಸತು, ಕಬ್ಬಿಣ ಗಿಡಕ್ಕೆ ಸಿಗುವುದು ಕಮ್ಮಿಯಾಗುತ್ತದೆ. ಮೈಸೂರಿನ ಸರ್ ಮಣ್ಣಿಗೆ ಡಿಎಪಿ ಬೇರೆ ಬಿದ್ದಿದೆ. ಅವರಿಗೆ ಗಾರೆಯಿಂದ ತೊಂದರೆಯೋ, ರಂಜಕದಿಂದಲೋ, ಎರಡೂ ಸೇರಿದೆಯೋ ಅಂತ ಪರೀಕ್ಷೆ ಇಲ್ಲದೆ ಹೇಳುವುದು ಹೇಗೆ?

ಮನೆಯಲ್ಲೇ ಪಿಎಚ್ ನೋಡುವವರಿಗೆ: 20 ಗ್ರಾಂ ಮಣ್ಣು, 50 ಮಿ.ಲೀ. ನೀರು, ಆಗಾಗ ಕಲಕಿ ಅರ್ಧ ಗಂಟೆ ಬಿಡಿ, ಆಮೇಲೆ ಪಿಎಚ್ ಕಾಗದ ಅದ್ದಿ. ನಲ್ಲಿ ನೀರು ಬೇಡ, ಅದಕ್ಕೇ ಒಂದು ಪಿಎಚ್ ಇರುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಕಡಿಮೆ ಬೆಲೆಗೆ ಸಿಗುತ್ತದೆ. ಮಣ್ಣಿಗೆ ಚುಚ್ಚುವ ಎರಡು ಕಡ್ಡಿಯ ಅಗ್ಗದ ಮೀಟರ್ ಕೊಳ್ಳಬೇಡಿ. ಅದೇ ಜಾಗದಲ್ಲಿ ನೀರು ಹಾಕುವ ಮುಂಚೆ ಒಂದು ಅಂಕಿ, ಹಾಕಿದ ಮೇಲೆ ಇನ್ನೊಂದು ಅಂಕಿ ತೋರಿಸುತ್ತದೆ. ಆ ದುಡ್ಡನ್ನು ಲ್ಯಾಬ್ ಫೀಸ್‌ಗೆ ಸೇರಿಸಿ.

ಇನ್ನೊಂದು ದಾರಿ ಇದೆ, ಹಳ್ಳಿಯವರಿಗೆ ವಿಶೇಷವಾಗಿ. ಬಿ.ಎಸ್ಸಿ. ಕೃಷಿ ಕೊನೆಯ ವರ್ಷದ ವಿದ್ಯಾರ್ಥಿಗಳು ಗ್ರಾಮೀಣ ಕಾರ್ಯಾನುಭವಕ್ಕೆ ಅಂತ ಹಳ್ಳಿಗೆ ಬಂದು ಇರುತ್ತಾರೆ. ಮಣ್ಣಿನ ಮಾದರಿ ತೆಗೆಯುವುದು ಅವರ ಕೆಲಸದಲ್ಲಿ ಸೇರಿದೆ. ನಿಮ್ಮ ಊರಿಗೆ ಬಂದಿದ್ದರೆ ಹೊಲಕ್ಕೆ ಕರೆದುಕೊಂಡು ಹೋಗಿ, ಕೇಳಿ. ಖಂಡಿತ ಮಾಡಿಕೊಡುತ್ತಾರೆ, ಅವರಿಗೂ ಕಲಿಕೆ.

ಕೊಟ್ಟಿಗೆ ಗೊಬ್ಬರ (ತುಮಕೂರು)

ರಂಜಕದ ವಿಷಯ ನನಗೆ ಹೊಸದು ತಮ್ಮ. ಸರಿ, ಹಳೇ ಗಾರೆ ಇರುವ ಕಡೆ ಪರೀಕ್ಷೆ ಮಾಡಿಸಲಿ. ಗೊಬ್ಬರ ಮಾತ್ರ ಬಿಡಬೇಡಿ.

ರಾಲಿ ಕನ್ನಡಿಗ (ನಾರ್ತ್ ಕ್ಯಾರೊಲೈನಾ)

ಇಲ್ಲಿನ ವ್ಯವಸ್ಥೆ ಹೇಳಬೇಕು ಅನ್ನಿಸಿತು. ನಮ್ಮ ರಾಜ್ಯದ ಕೃಷಿ ಇಲಾಖೆಯ ಲ್ಯಾಬ್ ರಾಲಿಯಲ್ಲೇ ಇದೆ. ಏಪ್ರಿಲ್‌ನಿಂದ ನವೆಂಬರ್‌ವರೆಗೆ ರಾಜ್ಯದ ನಿವಾಸಿಗಳಿಗೆ ಮಣ್ಣು ಪರೀಕ್ಷೆ ಉಚಿತ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ರೈತರ ಮಾದರಿ ಜಾಸ್ತಿ ಬರುವ ಕಾಲ, ಆಗ ಒಂದು ಮಾದರಿಗೆ 4 ಡಾಲರ್. ಕೌಂಟಿ ಎಕ್ಸ್‌ಟೆನ್ಷನ್ ಕಚೇರಿಯಲ್ಲಿ (ನಮ್ಮ ಜಿಲ್ಲೆಯ ಕೃಷಿ ಸಲಹಾ ಕಚೇರಿಯಂಥದ್ದು) ಪುಟ್ಟ ರಟ್ಟಿನ ಡಬ್ಬಿ ಮತ್ತು ಫಾರಂ ಸುಮ್ನೆ ಕೊಡುತ್ತಾರೆ. ಜಮೀನಿದೆಯಾ ಅಂತ ಯಾರೂ ಕೇಳುವುದಿಲ್ಲ. ಹುಲ್ಲುಹಾಸು, ಹೂವಿನ ಪಾತಿ, ತರಕಾರಿ, ಏನು ಬೆಳೆಯುತ್ತೀರಿ ಅಂತ ಬರೆದರೆ ಅದಕ್ಕೆ ತಕ್ಕ ಸಲಹೆ ಬರುತ್ತದೆ. ಅಮೆರಿಕದಲ್ಲಿರುವ ಕನ್ನಡಿಗರು ಮೆಂತ್ಯ, ಹೀರೆ ಬಿತ್ತುವ ಮೊದಲು ನಿಮ್ಮ ಕೌಂಟಿ ಕಚೇರಿಯನ್ನು ಕೇಳಿ, ದರ ರಾಜ್ಯದಿಂದ ರಾಜ್ಯಕ್ಕೆ ಬೇರೆ ಇದೆ.

ನಮ್ಮ ಊರುಗಳಲ್ಲೂ ರೈತರ ರಶ್ಶು ಇಲ್ಲದ ತಿಂಗಳುಗಳಲ್ಲಿ ಪೇಟೆಯವರ ಮಣ್ಣನ್ನೂ ಚಿಕ್ಕ ಶುಲ್ಕಕ್ಕೆ ತೆಗೆದುಕೊಂಡರೆ ಎಷ್ಟು ಚೆನ್ನ. ಲ್ಯಾಬ್ ಇದೆ, ಜನ ಇದ್ದಾರೆ. ಇದನ್ನು ನಾವೆಲ್ಲ ಕೇಳಬೇಕು.

ತಾರಸಿ ಸೊಪ್ಪು (ಬೆಂಗಳೂರು)

ಒಪ್ಪಿದೆ. ಇನ್ನೊಂದು ಎಚ್ಚರಿಕೆ. 12 ಅಂಶದಲ್ಲಿ ಸೀಸ ಇಲ್ಲ. ಮನೆ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮೀರಬಾರದು ಅನ್ನುವ ನಿಯಮ ನಮ್ಮಲ್ಲಿ ಬಂದಿದ್ದು 2016ರಲ್ಲಿ, ಜಾರಿಯಾಗಿದ್ದು 2017ರ ನವೆಂಬರ್‌ನಲ್ಲಿ. ಅದಕ್ಕಿಂತ ಹಳೇ ಮನೆಯ ಬಣ್ಣ ಕೆರೆದ ಪುಡಿ ಹಿತ್ತಲಿಗೆ ಬಿದ್ದಿರುವ ಸಾಧ್ಯತೆ ಇದೆ. ಮೈಸೂರಿನವರೇ, ಅವಶೇಷದಲ್ಲಿ ಬಣ್ಣ ಬಳಿದ ಗಾರೆ ಚೂರು ಕಂಡರೆ, ಮಕ್ಕಳು ಅಲ್ಲಿ ಆಡುವವರಾದರೆ, ಸೀಸದ ಪರೀಕ್ಷೆಗೆ ಮಾತ್ರ ಬೇರೆ ದುಡ್ಡು ಕೊಟ್ಟರೂ ಪರವಾಗಿಲ್ಲ. ಅಲ್ಲಿಯವರೆಗೆ ಸೊಪ್ಪು, ಗೆಡ್ಡೆ ಅಲ್ಲಿ ಹಾಕಬೇಡಿ. ಹೊಸ ಮಣ್ಣು ತುಂಬಿದ ಎತ್ತರದ ಪಾತಿ ಅಥವಾ ಕುಂಡದಲ್ಲಿ ಹಾಕಿ.

ಹಿತ್ತಲ ಗಿಡ (ಮೈಸೂರು)

ವಿನೆಗರ್ ಹಾಕಿ ನೋಡಿದೆ. ಚೆನ್ನಾಗಿ ನೊರೆ ಬಂತು! ಬದನೆ ಇರುವ ಕಡೆ ಸ್ವಲ್ಪ, ಕರಿಬೇವಿನ ಹತ್ತಿರ ಜಾಸ್ತಿ. ಬಣ್ಣದ ಚೂರು ಕಂಡಿಲ್ಲ, ಅಗೆಯುವಾಗ ಇನ್ನೊಮ್ಮೆ ಗಮನಿಸುತ್ತೇನೆ. ಸುತ್ತೂರಿಗೆ ಫೋನ್ ಮಾಡಿ ಕೇಳುತ್ತೇನೆ. ನಮ್ಮ ಬೀದಿಯ ಇನ್ನೂ ಕೆಲವರಿಗೆ ಆಸಕ್ತಿ ಇದೆ. ಎಲ್ಲರ ಮಣ್ಣೂ ಬೆರೆಸಿ ಒಂದೇ ಮಾದರಿ ಕೊಟ್ಟು ಖರ್ಚು ಹಂಚಿಕೊಳ್ಳಬಹುದಾ? ಮತ್ತೆ ರಿಪೋರ್ಟ್‌ನಲ್ಲಿ ಹೆಕ್ಟೇರ್ ಲೆಕ್ಕ ಇರುತ್ತದಂತೆ, ನನ್ನ 150 ಚದರ ಅಡಿಗೆ ಅದನ್ನು ಹೇಗೆ ಇಳಿಸೋದು?

ಮಣ್ಣು ವಿಜ್ಞಾನ ವಿದ್ಯಾರ್ಥಿ (ಧಾರವಾಡ)

ಬೆರೆಸಬೇಡಿ ಸರ್. ನಿಮ್ಮಲ್ಲಿ ಗಾರೆ ಇದೆ, ಪಕ್ಕದ ಮನೆಯಲ್ಲಿ ಇಲ್ಲದಿರಬಹುದು. ಬೆರೆಸಿದರೆ ಬರುವ ಅಂಕಿ ಯಾರ ಮನೆಗೂ ಹೊಂದುವುದಿಲ್ಲ. ಬೇರೆ ಬೇರೆ ಚೀಲ ಮಾಡಿ ಒಬ್ಬರೇ ತೆಗೆದುಕೊಂಡು ಹೋಗಿ, ಓಡಾಟದ ಖರ್ಚು ಹಂಚಿಕೊಳ್ಳಿ. ನಿಮ್ಮ ಜಾಗದಲ್ಲೇ ಕರಿಬೇವಿನ ಕಡೆಯದ್ದು ಒಂದು, ಬದನೆ ಕಡೆಯದ್ದು ಒಂದು ಮಾಡಿದರೆ ಇನ್ನೂ ಒಳ್ಳೆಯದು.

ಲೆಕ್ಕ ಸುಲಭ. ಹೆಕ್ಟೇರ್‌ಗೆ ಎಷ್ಟು ಕೆಜಿ ಅಂತ ಇದೆಯೋ ಅದನ್ನು 10ರಿಂದ ಭಾಗಿಸಿದರೆ ಒಂದು ಚದರ ಮೀಟರ್‌ಗೆ ಎಷ್ಟು ಗ್ರಾಂ ಅಂತ ಬರುತ್ತದೆ. ಹೆಕ್ಟೇರ್‌ಗೆ 50 ಕೆಜಿ ಅಂದರೆ ಚದರ ಮೀಟರ್‌ಗೆ 5 ಗ್ರಾಂ. ಎಕರೆ ಲೆಕ್ಕ ಇದ್ದರೆ 4ರಿಂದ ಭಾಗಿಸಿ, ಹತ್ತಿರ ಹತ್ತಿರ ಸರಿ ಬರುತ್ತದೆ. ನಿಮ್ಮ ಜಾಗ ಸುಮಾರು 14 ಚದರ ಮೀಟರ್. ಅಂದರೆ ನಿಮಗೆ ಬೇಕಾಗುವುದು ಗ್ರಾಂಗಳಲ್ಲಿ, ಅಂಗಡಿಯವರು ಕೊಡುವುದು ಕೆಜಿಗಳಲ್ಲಿ.

ರಿಪೋರ್ಟ್ ಬಂದ ಕೂಡಲೇ ಮೊದಲು ಪಿಎಚ್, ಆಮೇಲೆ ಲವಣಾಂಶ, ಆಮೇಲೆ ಸಾವಯವ ಇಂಗಾಲ ನೋಡಿ. ಇಂಗಾಲ ಶೇ. 0.5ಕ್ಕಿಂತ ಕಮ್ಮಿ ಇದ್ದರೆ ಕಡಿಮೆ, 0.75 ದಾಟಿದರೆ ಜಾಸ್ತಿ ಅಂತ ಲೆಕ್ಕ. ಉಳಿದ ಅಂಕಿಗಳನ್ನು ಇವು ಮೂರರ ಜೊತೆ ಇಟ್ಟು ಓದಬೇಕು. ಹೆಸರು, ವಿಳಾಸ ಮುಚ್ಚಿ ರಿಪೋರ್ಟ್ ಫೋಟೋ ಇಲ್ಲಿ ಹಾಕಿ, ಸೇರಿ ನೋಡೋಣ.

ಎರಿ ಭೂಮಿ (ವಿಜಯಪುರ)

ಗಿಡಕ್ಕೆ ಬೋರ್‌ವೆಲ್ ನೀರು ಹಾಕುತ್ತಿದ್ದರೆ ನೀರನ್ನೂ ಜೊತೆಗೇ ಕೊಟ್ಟುಬಿಡಿ ರೀ. ನೀರಿನಲ್ಲೇ ಸೋಡಾ, ಸುಣ್ಣ ಇದ್ದರೆ ಮಣ್ಣು ಎಷ್ಟು ಸರಿ ಮಾಡಿದರೂ ಮತ್ತೆ ಅಲ್ಲಿಗೇ ಬರುತ್ತದೆ. ಮೋಟರ್ ಹಾಕಿ ಸ್ವಲ್ಪ ಹೊತ್ತು ನೀರು ಹರಿಯಬಿಟ್ಟು, ಶುಭ್ರವಾದ ಪ್ಲಾಸ್ಟಿಕ್ ಬಾಟಲಿಯನ್ನು ಅದೇ ನೀರಲ್ಲಿ ಎರಡು ಮೂರು ಸಲ ಗಲಬರಿಸಿ, ಬಾಯಿವರೆಗೆ ತುಂಬಿ ಮುಚ್ಚಳ ಬಿಗಿ ಮಾಡಿ. ಅರ್ಧ ಲೀಟರ್ ಸಾಕು, ಅವತ್ತೇ ಕೊಡಿ.

ಹಿತ್ತಲ ಗಿಡ (ಮೈಸೂರು)

ಬೋರ್‌ವೆಲ್ ನೀರೇ ಹಾಕುತ್ತಿರೋದು. ಮಣ್ಣಿನ ಚೀಲದ ಜೊತೆ ನೀರಿನ ಬಾಟಲಿಯನ್ನೂ ತೆಗೆದುಕೊಂಡು ಹೋಗುತ್ತೇನೆ. ರಿಪೋರ್ಟ್ ಬಂದ ಮೇಲೆ ಎರಡೂ ಇಲ್ಲೇ ಹಾಕುತ್ತೇನೆ.